ಟರ್ಬೊ ನಾಜಲ್: ನೆಲಕ್ಕೆ ಹಿಡಿದರೆ ತಿರುಗುತ್ತದೆ, ಮೇಲಕ್ಕೆ ಹಿಡಿದರೆ ತಿರುಗುವುದಿಲ್ಲ. ಯಾಕೆ?

ಹಿತ್ತಲಮನೆ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ನಾಜಲ್ ಹಿಂದೆ ಬಿದ್ದಿದ್ದೇನೆ. ಗೊತ್ತಿರುವವರು ದಯವಿಟ್ಟು ಹೇಳಿ.

ನನ್ನದು ಕರೆಂಟಿನ ಪ್ರೆಶರ್ ವಾಷರ್, ಜೋರು ಒತ್ತಡದ ನೀರು ಹೊಡೆದು ತೊಳೆಯುವ ಯಂತ್ರ. ಮೈಮೇಲಿನ ಪಟ್ಟಿಯಲ್ಲಿ ಒತ್ತಡ 150 ಬಾರ್, ನೀರು ನಿಮಿಷಕ್ಕೆ 8 ಲೀಟರ್ ಅಂತ ಬರೆದಿದೆ. ಮನೆ ಹಿಂದಿನ ಕಾಂಕ್ರೀಟ್ ಅಂಗಳ ಪಾಚಿ ಕಟ್ಟಿ ಕಪ್ಪಾಗಿತ್ತು. ಅಮ್ಮ ಅಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅವತ್ತಿನಿಂದ ಆ ಅಂಗಳದಲ್ಲಿ ಒಂದು ಚೂರು ಪಾಚಿ ಕಂಡರೂ ನನಗೆ ಸಮಾಧಾನ ಇರುವುದಿಲ್ಲ.

ಯಂತ್ರದ ಜೊತೆ ಬಂದಿದ್ದು ಬೀಸಣಿಗೆ ಹಾಗೆ ನೀರು ಹರಡುವ ನಾಜಲ್. ಅದರಲ್ಲಿ ಕೆಲಸ ತುಂಬಾ ನಿಧಾನ. ಹಾಗಾಗಿ ಟರ್ಬೊ ಅನ್ನುವ ತಿರುಗುವ ನಾಜಲ್ ಬೇರೆ ತಂದೆ. ಅದರ ಮೇಲೆ 040 ಅಂತ ಕೊರೆದಿದೆ. ಆರು ತಿಂಗಳು ಪರವಾಗಿಲ್ಲ ಅನ್ನುವ ಹಾಗೆ ನಡೆಯಿತು. ಈಗ ಹೀಗಾಗುತ್ತಿದೆ:

ಅಂಗಳದ ಪಕ್ಕದ ತಡೆಗೋಡೆಯ ಮೇಲ್ಭಾಗ ತೊಳೆಯಲು ಗನ್ ಮೇಲೆತ್ತಿ ಟ್ರಿಗರ್ ಒತ್ತಿದರೆ ತಿರುಗುವ ಸದ್ದೇ ಬರುವುದಿಲ್ಲ. ದಪ್ಪನೆಯ, ಜೋರಿಲ್ಲದ ಧಾರೆ ಸುಮ್ನೆ ಬೀಳುತ್ತದೆ. ಗನ್ ಕೆಳಗಿಳಿಸಿ ಮತ್ತೆ ಒತ್ತಿದರೆ ಸರಿಯಾಗುತ್ತದೆ. ಹಾಗೆ ತಿರುಗುತ್ತಿರುವಾಗಲೇ ಮೇಲೆತ್ತಿದರೆ ತೊಂದರೆ ಇಲ್ಲ.

ಇನ್ನೊಂದು ಇದಕ್ಕಿಂತ ಹೆದರಿಕೆಯದು. ನೆಲ ತೊಳೆಯುವಾಗ ಎರಡು ಸಲ ತಿರುಗುವುದು ಇದ್ದಕ್ಕಿದ್ದಂತೆ ನಿಂತು, ನೀರು ಸೂಜಿಯಂತೆ ಒಂದೇ ಕಡೆ ಹೊಡೆಯಿತು. ಗನ್ ನೇರವಾಗಿ ಹಿಡಿದಿದ್ದರೂ ಧಾರೆ ಎಡಕ್ಕೆ ಓರೆಯಾಗಿತ್ತು. ಕೈ ಬಿಡುವಷ್ಟರಲ್ಲಿ ಸಿಮೆಂಟಿನ ಮೇಲೆ ಬಿಳಿ ಗೆರೆ ಬಿದ್ದಿತ್ತು. ಸದ್ದೂ ಬದಲಾಗಿದೆ. ಮೊದಲು ದುಂಬಿ ಹಾಗೆ ಗುಂಯ್‌ಗುಡುತ್ತಿತ್ತು. ಈಗ ನಡುನಡುವೆ ಕಟಕಟ ಅನ್ನುತ್ತದೆ.

ನೀರು ನೆಲದ ತೊಟ್ಟಿಯಿಂದ ಬರುತ್ತದೆ. ನಾಜಲ್ ಹೋಯಿತಾ, ಇಲ್ಲ ಯಂತ್ರದ್ದೇ ದೋಷವಾ?

ನೀಲಿ ಬಕೆಟ್:

ನನಗೂ ಹೀಗೇ ನಿಂತು ನಿಂತು ತಿರುಗುತ್ತಿತ್ತು. ನಮ್ಮಲ್ಲಿ ನೀರು ಗಡಸು, ಪಾತ್ರೆಯಲ್ಲೂ ಬಿಳಿ ಪದರ ಕೂರುತ್ತದೆ. ನಾಜಲ್ ಬಿಚ್ಚಿ ಬಿಳಿ ವಿನೆಗರ್‌ನಲ್ಲಿ ಒಂದು ಗಂಟೆ ನೆನೆಸಿದೆ. ಆಮೇಲೆ ಚೆನ್ನಾಗಿ ತೊಳೆದು ಕಿವಿ ಹತ್ತಿರ ಅಲ್ಲಾಡಿಸಿದೆ. ಮೊದಲು ಸದ್ದೇ ಇರಲಿಲ್ಲ, ಈಗ ಒಳಗೆ ಟಕ್ ಟಕ್ ಅಂದಿತು. ಅಂದರೆ ಒಳಗೆ ತಿರುಗುವ ಭಾಗ, ರೋಟರ್, ಸುಣ್ಣದ ಪದರಕ್ಕೆ ಅಂಟಿಕೊಂಡಿತ್ತು. ನೀವೂ ಮೊದಲು ಅಲ್ಲಾಡಿಸಿ ನೋಡಿ. ಏನೂ ಸದ್ದಿಲ್ಲ ಅಂದರೆ ನೆನೆಸಿ. ರಾತ್ರಿಯಿಡೀ ಮಾತ್ರ ಬಿಡಬೇಡಿ, ಹಿತ್ತಾಳೆ ಭಾಗದ ಬಣ್ಣ ಕೆಡುತ್ತದೆ.

ದಯವಿಟ್ಟು ಸೂಜಿ ಹಾಕಿ ಚುಚ್ಚಬೇಡಿ. ನನ್ನ ಹಿಂದಿನ ನಾಜಲ್ ಹಾಳಾಗಿದ್ದು ನಾನು ಚುಚ್ಚಿದ್ದರಿಂದಲೇ.

ಕೆಸರುಗಾಲು:

ಸರ್, ಮಣ್ಣು ಅಗೆಯುವ ಯಂತ್ರ, ಟ್ರ್ಯಾಕ್ಟರ್, ಟ್ರೇಲರ್ ತೊಳೆಯುವುದೇ ಹನ್ನೊಂದು ವರ್ಷದಿಂದ ನನ್ನ ಕೆಲಸ. ಈ ನಾಜಲ್‌ಗಳನ್ನು ಎಷ್ಟು ಬಿಚ್ಚಿದ್ದೇನೋ ಲೆಕ್ಕ ಇಟ್ಟಿಲ್ಲ. ನೀವು ಬರೆದ ಗುರುತುಗಳು ತುಂಬಾ ಸ್ಪಷ್ಟವಾಗಿವೆ. ಯಂತ್ರದ್ದು ತಪ್ಪಿಲ್ಲ ಅಂತ ನನಗೆ ಅನ್ನಿಸುತ್ತದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಳಗೆ ಏನಾಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ವೇಗ ಕಡಿಮೆಯಾದ ಬುಗುರಿ ವಾಲಿಕೊಂಡು ಸುತ್ತುವುದನ್ನು ನೋಡಿದ್ದೀರಲ್ಲ? ಮೊಳೆ ಒಂದೇ ಕಡೆ ನಿಂತಿರುತ್ತದೆ, ತಲೆ ಮಾತ್ರ ವೃತ್ತ ಹಾಕುತ್ತದೆ. ಟರ್ಬೊ ನಾಜಲ್ ಒಳಗೆ ಇರುವುದೂ ಅಂಥದ್ದೇ ಒಂದು ಬುಗುರಿ. ಅದೇ ರೋಟರ್. ಅದರ ತುದಿಯಲ್ಲಿ ಸೆರಾಮಿಕ್‌ನ ಸಣ್ಣ ಮೂತಿ ಇದೆ, ನೀರು ಹೊರಬರುವ ರಂಧ್ರ ಅದರಲ್ಲೇ ಇರುವುದು. ಆ ಮೂತಿ ಕೂರಲು ನಾಜಲ್‌ನ ಬಾಯಲ್ಲಿ ಒಂದು ಬಟ್ಟಲಿನಂಥ ಪೀಠ ಇರುತ್ತದೆ. ಅದೂ ಸೆರಾಮಿಕ್. ಹಿಂದಿನಿಂದ ನೀರು ಓರೆ ರಂಧ್ರಗಳ ಮೂಲಕ ನುಗ್ಗಿ ಒಳಗೆ ಸುಳಿ ಏಳಿಸುತ್ತದೆ. ಆ ಸುಳಿ ರೋಟರಿನ ಬಾಲವನ್ನು ಗೋಡೆಗುಂಟ ಓಡಿಸುತ್ತದೆ. ಹೊರಗೆ ಬರುವುದು ಹರಡದ ಒಂದೇ ಧಾರೆ. ಅದು ಓರೆಯಾಗಿ ನಿಂತು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವುದರಿಂದ ನಮ್ಮ ಕಣ್ಣಿಗೆ ಕೊಳವೆಯಂತೆ, ಶಂಕುವಿನಂತೆ ಕಾಣುತ್ತದೆ.

ಇಷ್ಟು ಗೊತ್ತಾದರೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ತಾನಾಗೇ ಸಿಗುತ್ತದೆ.

ಗನ್ ಮೇಲೆತ್ತಿದಾಗ ಏನಾಗುತ್ತದೆ? ನೀರು ನಿಂತಿರುವಾಗ ರೋಟರ್ ಒಳಗೆ ಸಡಿಲವಾಗಿ ಬಿದ್ದಿರುತ್ತದೆ. ಬಾಯಿ ಕೆಳಗಿದ್ದರೆ ಮೂತಿ ಪೀಠದ ಮೇಲೆ ಬಂದು ಕೂರುತ್ತದೆ. ಬಾಯಿ ಮೇಲಿದ್ದರೆ ರೋಟರ್ ಹಿಂದಕ್ಕೆ ಜಾರುತ್ತದೆ. ಆಗ ಟ್ರಿಗರ್ ಒತ್ತಿದರೆ ಅದು ಅಡ್ಡಡ್ಡ ಸಿಕ್ಕಿಕೊಂಡು, ಪೀಠದ ದೊಡ್ಡ ತೂತಿನಿಂದ ನೀರು ಹಾಗೇ ಹೊರಗೆ ಹೋಗುತ್ತದೆ. ನೀವು ನೋಡಿದ ದಪ್ಪ ಧಾರೆ ಅದೇ. ಇದು ಕೆಟ್ಟಿರುವ ಲಕ್ಷಣ ಅಲ್ಲ. ಯಾವಾಗಲೂ ಬಾಯಿ ನೆಲಕ್ಕೆ ಮಾಡಿ ಟ್ರಿಗರ್ ಒತ್ತಿ, ಗುಂಯ್ ಸದ್ದು ಬಂದ ಮೇಲೆ ಮೇಲೆತ್ತಿ. ಗೋಡೆ ತೊಳೆಯುವಾಗ ನಡುವೆ ಕೈ ಬಿಟ್ಟರೆ ಮತ್ತೆ ಕೆಳಗಿಳಿಸಿಯೇ ಶುರು ಮಾಡಿ. ಹೊಸ ನಾಜಲ್‌ಗೂ ಇದೇ ನಿಯಮ. ಮೇಲೆತ್ತಿಯೇ ಒತ್ತುತ್ತಾ ಹೋದರೆ ಆ ಸೆರಾಮಿಕ್ ಮೂತಿ ಪ್ರತಿ ಸಲ ಪೀಠದ ಅಂಚಿಗೆ ಬಡಿಯುತ್ತದೆ. ಸೆರಾಮಿಕ್ ಸವೆಯುವುದು ನಿಧಾನ, ಆದರೆ ಏಟಿಗೆ ತಡೆಯುವುದಿಲ್ಲ. ಗಾಜಿನ ಜಾತಿ ಅದು.

ಇನ್ನು ಸೂಜಿ ಧಾರೆ. ಅದು ನಿಜಕ್ಕೂ ದೋಷ. ಮೂತಿ ಪೀಠದ ಮೇಲೆ ಸರಿಯಾಗಿಯೇ ಕೂತಿದೆ, ತಿರುಗುತ್ತಿಲ್ಲ ಅಷ್ಟೇ. ಧಾರೆ ಎಡಕ್ಕೆ ಓರೆಯಾಗಿತ್ತು ಅಂದಿರಲ್ಲ, ವಾಲಿದ ಬುಗುರಿ ವಾಲಿದ ಹಾಗೇ ನಿಂತುಬಿಟ್ಟಿದೆ. ಒಂದೋ ಮರಳು ಕಾಳು ಓರೆ ರಂಧ್ರದಲ್ಲಿ ಸಿಕ್ಕಿದೆ, ಇಲ್ಲವೇ ಪೀಠದ ಅಂಚಿನಲ್ಲಿ ಚಕ್ಕೆ ಎದ್ದು ಮೂತಿ ಅದಕ್ಕೆ ತಡವುತ್ತಿದೆ. ಕಟಕಟ ಸದ್ದು ನೋಡಿದರೆ ಎರಡೂ ಇರಬಹುದು. ಹೀಗೆ ನಿಂತ ನಾಜಲ್ ಇಟ್ಟುಕೊಂಡು ಕೆಲಸ ಮುಂದುವರಿಸಬೇಡಿ. ಸುತ್ತಿನಲ್ಲಿ ಹಂಚಿಹೋಗುತ್ತಿದ್ದ ಬಲವೆಲ್ಲ ಒಂದೇ ಚುಕ್ಕಿಗೆ ಬೀಳುತ್ತದೆ.

ಇದೆಲ್ಲಕ್ಕಿಂತ ನನಗೆ ಕಾಡುತ್ತಿರುವುದು ನೀವು ಬರೆದ ಆ 040. ಅದು ನಾಜಲ್‌ನ ಅಳತೆ. 4000 ಪಿಎಸ್‌ಐ ಒತ್ತಡದಲ್ಲಿ ಆ ರಂಧ್ರದಿಂದ ನಿಮಿಷಕ್ಕೆ ಎಷ್ಟು ಅಮೆರಿಕನ್ ಗ್ಯಾಲನ್ ನೀರು ಹೋಗುತ್ತದೆ ಅಂತ ಆ ಅಂಕಿ ಹೇಳುತ್ತದೆ. 040 ಅಂದರೆ 4 ಗ್ಯಾಲನ್. 4000 ಪಿಎಸ್‌ಐ ಅಂದರೆ ಸುಮಾರು 276 ಬಾರ್. ನಿಮ್ಮ ಯಂತ್ರಕ್ಕೆ ಯಾವ ಅಳತೆ ಬೇಕು ಅಂತ ಲೆಕ್ಕ ಹಾಕೋಣ. 8 ಲೀಟರನ್ನು 3.785ರಿಂದ ಭಾಗಿಸಿದರೆ 2.11 ಗ್ಯಾಲನ್. 276ನ್ನು 150ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.36. ಎರಡನ್ನೂ ಗುಣಿಸಿದರೆ 2.87. ಅಂದರೆ ನಿಮಗೆ ಬೇಕಾಗಿದ್ದುದು 030 ಅಥವಾ ಅದಕ್ಕೆ ಹತ್ತಿರದ್ದು.

040 ಹಾಕಿದರೆ ಏನಾಗುತ್ತದೆ? ಪಂಪ್ ಕೊಡುವ ನೀರು ಅಷ್ಟೇ, ಬಾಯಿ ಮಾತ್ರ ದೊಡ್ಡದು. ನಿಮ್ಮ 8 ಲೀಟರ್‌ಗೆ ಆ ಬಾಯಲ್ಲಿ ಏಳುವ ಒತ್ತಡ ಸುಮಾರು 77 ಬಾರ್. ಅರ್ಧಕ್ಕೆ ಅರ್ಧ! ಮೊದಲಿಂದಲೂ ಪರವಾಗಿಲ್ಲ ಅನ್ನುವ ಹಾಗಿತ್ತು ಅಂತ ಬರೆದಿದ್ದೀರಿ ನೋಡಿ, ಅದಕ್ಕೆ ಕಾರಣ ಇದು. ಸುಳಿ ಸೊರಗಿರುವುದರಿಂದ ರೋಟರ್ ಕೂಡ ನಿಧಾನ. ಒಂದು ಸಣ್ಣ ಕಾಳು ಸಿಕ್ಕಿದರೂ ಅದನ್ನು ತಳ್ಳಿಕೊಂಡು ತಿರುಗುವ ಶಕ್ತಿ ಅದಕ್ಕಿಲ್ಲ. ಸರಿಯಾದ ನಾಜಲ್ ನೀವು ಇನ್ನೂ ಬಳಸಿಯೇ ಇಲ್ಲ ಸರ್.

ಹಾಗಂತ 020 ಹಾಕಲು ಹೋಗಬೇಡಿ. ಚಿಕ್ಕ ಬಾಯಿ ಹಾಕಿದರೆ ಒತ್ತಡ ಮಿತಿ ಮೀರಿ ಏರುತ್ತದೆ. ಆಗ ಹೆಚ್ಚಾದ ಒತ್ತಡ ಇಳಿಸುವ ಪಂಪಿನ ಬೈಪಾಸ್ ವಾಲ್ವ್ ಬಿಟ್ಟೂ ಬಿಟ್ಟೂ ತೆರೆಯುತ್ತದೆ, ಮೋಟಾರು ಏದುಸಿರು ಬಿಡುತ್ತದೆ, ಸೀಲ್‌ಗಳು ಬೇಗ ಹೋಗುತ್ತವೆ. ಇನ್ನೊಂದು ಮಾತು. ಕೆಲವು ಯಂತ್ರಗಳ ಪಟ್ಟಿಯಲ್ಲಿ ಎರಡು ಒತ್ತಡ ಬರೆದಿರುತ್ತಾರೆ, ಕೆಲಸದ್ದು ಒಂದು, ಗರಿಷ್ಠದ್ದು ಒಂದು. ಲೆಕ್ಕಕ್ಕೆ ಕೆಲಸದ ಒತ್ತಡ ತೆಗೆದುಕೊಳ್ಳಿ.

ನಾಜಲ್ ಬಿಚ್ಚಲು ಬರುವ ಮಾದರಿಯಾ, ಮುಚ್ಚಿ ಅಂಟಿಸಿದ್ದಾ? ಹಿಂಭಾಗದಲ್ಲಿ ಸ್ಪ್ಯಾನರ್ ಹಿಡಿಯಲು ಚಪ್ಪಟೆ ಮುಖಗಳಿವೆಯಾ ನೋಡಿ ಹೇಳಿ.

ಹಿತ್ತಲಮನೆ:

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತುಂಬಾ ಧನ್ಯವಾದ.

ಪಟ್ಟಿ ಮತ್ತೆ ನೋಡಿದೆ. 150 ಅನ್ನುವುದೇ ಕೆಲಸದ ಒತ್ತಡ. ಅಂಗಡಿಯಲ್ಲಿ ಯಂತ್ರದ ಹೆಸರು ಹೇಳಿ ಕೇಳಿದಾಗ ಎಲ್ಲದಕ್ಕೂ ಇದೇ ಹಾಕುತ್ತಾರೆ ಅಂತ ಕೊಟ್ಟಿದ್ದರು. ನಾನೂ ಅಂಕಿ ನೋಡಲಿಲ್ಲ, ಕೊಂಡಿ ಸರಿಯಾಗಿ ಕೂತರೆ ಸಾಕು ಅಂದುಕೊಂಡೆ.

ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ, ಹಾಗಾಗಿ ಅಂಟಿಕೊಂಡಿಲ್ಲ. ಹಿಂಭಾಗ ಹಿತ್ತಾಳೆ, ಸ್ಪ್ಯಾನರ್ ಹಿಡಿಯಲು ಜಾಗ ಇದೆ. ಬಿಚ್ಚಬಹುದಾ? ಬಿಚ್ಚಿದರೆ ಮತ್ತೆ ಜೋಡಿಸಲು ಆಗದೇ ಹೋದರೆ ಅಂತ ಭಯ. ಮತ್ತೆ ಅಂಗಳದ ಒಂದು ಕಡೆ ಹಳೇ ಮರದ ಬೆಂಚು ಇದೆ, ಅದರ ಮೇಲೂ ಪಾಚಿ. ಅದಕ್ಕೂ ಇದನ್ನೇ ಬಳಸಬಹುದಾ?

ಮರಗೆಲಸ:

ಬೆಂಚಿಗೆ ಬೇಡ! ಇದನ್ನು ಓದಿದ ತಕ್ಷಣ ಬರೆಯುತ್ತಿದ್ದೇನೆ.

ಮರದ ನಾರಿನಲ್ಲಿ ಮೆತ್ತನೆಯ ಸಾಲು, ಗಟ್ಟಿ ಸಾಲು ಅಂತ ಇರುತ್ತದೆ. ತಿರುಗುವ ಧಾರೆ ಮೆತ್ತನೆಯದನ್ನು ಕಿತ್ತುಹಾಕಿ ಗಟ್ಟಿಯದನ್ನು ಮಾತ್ರ ಉಳಿಸುತ್ತದೆ. ಅದರ ಮೇಲೆ ಸುರುಳಿ ಸುರುಳಿ ಗುರುತು ಬೇರೆ ಬೀಳುತ್ತದೆ. ನನ್ನ ಹತ್ತಿರ ದುರಸ್ತಿಗೆ ಬಂದ ಒಂದು ತೇಗದ ಮೇಜು ಇನ್ನೂ ನೆನಪಿದೆ. ಮೇಲ್ಮೈ ತುಂಬಾ ಉಂಗುರಗಳು, ಒಂದರ ಮೇಲೆ ಒಂದು. ಎರಡು ಮಿಲಿಮೀಟರ್ ಹಲಗೆ ಹೆರೆದ ಮೇಲೆ ಆ ಗುರುತು ಹೋಯಿತು. ಒಳ್ಳೆಯ ಮರ ಅಷ್ಟು ಪುಡಿಯಾಗಿ ಹೋಗುವುದನ್ನು ನೋಡಿ ಹೊಟ್ಟೆ ಉರಿಯಿತು. ಬೆಂಚಿಗೆ ಅಗಲವಾಗಿ ಹರಡುವ ನಾಜಲ್ ಹಾಕಿ, ದೂರದಿಂದ, ನಾರಿನ ಉದ್ದಕ್ಕೆ ಹೊಡೆಯಿರಿ. ಅದಕ್ಕಿಂತ ಒಳ್ಳೆಯದು ಸೋಪು ನೀರು ಮತ್ತು ಬ್ರಷ್ಷು.

ಕಾರಿನ ಬಣ್ಣ, ಕಿಟಕಿ ಗಾಜು, ಗಾರೆ ಉದುರುವ ಹಳೇ ಇಟ್ಟಿಗೆ ಗೋಡೆ, ಇವಕ್ಕೂ ಟರ್ಬೊ ಬೇಡ. ಕಾಂಕ್ರೀಟ್ ಹೊಸದಾಗಿ ಹಾಕಿದ್ದರೆ 28 ದಿನ ಕಳೆದು ಗಟ್ಟಿಯಾಗುವ ತನಕವಾದರೂ ಕಾಯಿರಿ.

ಕೆಸರುಗಾಲು:

ಮೇಲಿನವರು ಹೇಳಿದ್ದು ಪೂರ್ತಿ ನಿಜ. ನಾನು ಒಂದು ಸೇರಿಸುತ್ತೇನೆ, ಟೈರು. ಗಾಲಿಯ ಕೆಸರು ತೆಗೆಯಲು ಎಲ್ಲರಿಗೂ ಇದನ್ನೇ ಹಿಡಿಯುವ ಆಸೆ. ಟೈರಿನ ಪಕ್ಕದ ಗೋಡೆಗೂ ಗಾಳಿ ತುಂಬುವ ವಾಲ್ವಿಗೂ ಈ ಧಾರೆ ತುಂಬಾ ಕೆಟ್ಟದ್ದು. ರಬ್ಬರಿನ ಬಣ್ಣ ತಿರುಗಿತು ಅಂದರೆ ಏಟು ಆಗಲೇ ಬಿದ್ದಿದೆ ಅಂತ ಅರ್ಥ. ಅಂಥ ಟೈರು ಆಮೇಲೆ ಓಡುವಾಗ ಒಡೆಯಬಹುದು. ನಾನು ಟೈರಿಗೆ ಹರಡುವ ನಾಜಲ್ಲನ್ನೇ ಬಳಸುತ್ತೇನೆ, ಅದನ್ನೂ 30 ಸೆಂಟಿಮೀಟರ್‌ಗಿಂತ ಹತ್ತಿರ ಒಯ್ಯುವುದಿಲ್ಲ. ಟರ್ಬೊ ಏನಿದ್ದರೂ ಅಗೆಯುವ ಯಂತ್ರದ ಬಕೆಟ್ಟು, ಚೈನು, ಚಾಸಿಯಂಥ ಬರೀ ಕಬ್ಬಿಣಕ್ಕೆ.

ಈಗ ಬಿಚ್ಚುವ ವಿಷಯ. ಸ್ಪ್ಯಾನರ್ ಹಿಡಿಯಲು ಜಾಗ ಇದೆ ಅಂದರೆ ಬಿಚ್ಚಬಹುದು. ಪೂರ್ತಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಅಂಟಿಸಿದ ಮಾದರಿ ಆಗಿದ್ದರೆ ಬೇಡ ಅನ್ನುತ್ತಿದ್ದೆ, ಅದನ್ನು ನೆನೆಸಿ, ಅಲ್ಲಾಡಿಸಿ, ಹಿಂದುಮುಂದು ನೀರು ಬಿಟ್ಟು ತೊಳೆಯುವುದಷ್ಟೇ ಸಾಧ್ಯ.

ಮೊದಲು ಯಂತ್ರ ನಿಲ್ಲಿಸಿ. ಟ್ರಿಗರ್ ಒತ್ತಿ ಪೈಪಿನಲ್ಲಿ ಉಳಿದ ಒತ್ತಡ ಬಿಡಿ. ಆಮೇಲೆ ನಾಜಲ್ ತೆಗೆಯಿರಿ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ಕೂತು ಬಿಚ್ಚಿ. ನಲ್ಲಿ ಕೆಳಗೆ ಮಾತ್ರ ಬಿಚ್ಚಬೇಡಿ, ಆ ಪೀಠ ಬಟನ್ನಿನಷ್ಟು ಸಣ್ಣದು, ಮೋರಿಗೆ ಹೋದರೆ ಹೋಯಿತು. ಮೈಯನ್ನು ಬಟ್ಟೆ ಸುತ್ತಿ ವೈಸಿನಲ್ಲಿ ಹಗುರವಾಗಿ ಹಿಡಿಸಿ. ಜೋರಾಗಿ ಬಿಗಿದರೆ ಕೊಳವೆ ಚಪ್ಪಟೆಯಾಗುತ್ತದೆ, ಆಮೇಲೆ ರೋಟರ್ ಎಂದೂ ಸರಿಯಾಗಿ ಓಡುವುದಿಲ್ಲ. ಹಿಂಭಾಗದ ಹಿತ್ತಾಳೆ ತಿರುಪು ತೆಗೆದರೆ ಓರೆ ರಂಧ್ರಗಳು ಕಾಣುತ್ತವೆ. ಅದರ ಹಿಂದೆ ರೋಟರ್, ಕೊನೆಗೆ ಪೀಠ, ಪೀಠದ ಜೊತೆ ಓ-ರಿಂಗ್, ಅಂದರೆ ನೀರು ಸೋರದ ಹಾಗೆ ತಡೆಯುವ ರಬ್ಬರ್ ಬಳೆ. ಒಂದೊಂದು ತೆಗೆದಾಗಲೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಜೋಡಿಸುವ ಭಯ ಅಲ್ಲಿಗೆ ಮುಗಿಯಿತು.

ಓರೆ ರಂಧ್ರಗಳನ್ನು ಬೆಳಕಿಗೆ ಹಿಡಿದು ನೋಡಿ. ಕಾಳು ಸಿಕ್ಕಿದ್ದರೆ ಬಾಯಿಂದ ಊದಿ, ಇಲ್ಲವೇ ಬಿದಿರಿನ ಕಡ್ಡಿಯಿಂದ ಹಿಂದಿನಿಂದ ತಳ್ಳಿ. ರೋಟರಿನ ಬಾಲಕ್ಕೆ ಕೆಲವು ಮಾದರಿಗಳಲ್ಲಿ ರಬ್ಬರ್ ಉಂಗುರ ಇರುತ್ತದೆ. ಅದು ಗೋಡೆಗೆ ಉಜ್ಜಿ ಉಜ್ಜಿ ಚಪ್ಪಟೆಯಾಗಿರುತ್ತದೆ. ಇನ್ನು ಮೂತಿ ಮತ್ತು ಪೀಠ. ಎರಡರ ಮೇಲೂ ಉಗುರು ಆಡಿಸಿ. ನುಣುಪಾದ, ಹೊಳೆಯುವ ಒಂದು ಉಂಗುರ ಕಂಡರೆ ಒಳ್ಳೆಯದೇ, ಎರಡೂ ಒಂದಕ್ಕೊಂದು ಹೊಂದಿಕೊಂಡಿವೆ ಅಂತ. ಉಗುರು ಎಲ್ಲಾದರೂ ತಡೆದರೆ, ಚಕ್ಕೆ ಎದ್ದಿದ್ದರೆ, ಕೂದಲೆಳೆಯಷ್ಟು ಬಿರುಕು ಇದ್ದರೂ ಬದಲಾಯಿಸಬೇಕು. ರಿಪೇರಿ ಕಿಟ್‌ನಲ್ಲಿ ರೋಟರ್, ಪೀಠ, ಓ-ರಿಂಗ್ ಒಟ್ಟಿಗೆ ಬರುತ್ತವೆ. ಒಂದನ್ನು ಮಾತ್ರ ಹೊಸದು ಹಾಕಿ ಇನ್ನೊಂದನ್ನು ಹಳೆಯದು ಬಿಟ್ಟರೆ ಹೊಸದನ್ನು ಹಳೆಯದು ತಿನ್ನುತ್ತದೆ.

ಜೋಡಿಸುವಾಗ ಓ-ರಿಂಗಿಗೆ ಮಾತ್ರ ಒಂದು ಬೊಟ್ಟು ಸಿಲಿಕೋನ್ ಗ್ರೀಸ್. ಪೀಠಕ್ಕೆ, ಮೂತಿಗೆ ಏನೂ ಬೇಡ. ಅಲ್ಲಿ ನೀರೇ ಎಣ್ಣೆಯ ಕೆಲಸ ಮಾಡುತ್ತದೆ. ಗ್ರೀಸ್ ಹಚ್ಚಿದರೆ ಮರಳು ಅದಕ್ಕೇ ಅಂಟುತ್ತದೆ. ಪೀಠದ ಬಟ್ಟಲಿನಂಥ ಮುಖ ಒಳಗೆ ರೋಟರ್ ಕಡೆಗೆ ಬರಬೇಕು.

ರಂಧ್ರ ಸವೆದಿದೆಯಾ ಅಂತ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಜನ ಮೋಸ ಹೋಗುವುದು. ರಂಧ್ರದ ಅಗಲ ಹತ್ತರಲ್ಲಿ ಒಂದು ಪಾಲು ಹೆಚ್ಚಾಯಿತು ಅಂತ ಇಟ್ಟುಕೊಳ್ಳಿ. ಬಾಯಿಯ ವಿಸ್ತಾರ ನೂರಕ್ಕೆ 21ರಷ್ಟು ಜಾಸ್ತಿಯಾಯಿತು. ಒತ್ತಡ 150ರಿಂದ ಸುಮಾರು 102 ಬಾರ್‌ಗೆ ಇಳಿಯಿತು. ಬರೀ ಕೂದಲಿನಷ್ಟು ಸವೆತಕ್ಕೆ ಮೂರನೇ ಒಂದು ಪಾಲು ಬಲ ಹೋಯಿತು. ಪಂಪು ಮುದಿಯಾಯಿತು ಅಂತ ನಮ್ಮಲ್ಲಿ ಯಂತ್ರ ತರುವವರಲ್ಲಿ ಎಷ್ಟೋ ಜನರಿಗೆ ಪಂಪು ಸರಿಯಾಗೇ ಇರುತ್ತದೆ. ನನ್ನ ಹತ್ತಿರ ಒಂದು ಒತ್ತಡ ಮಾಪಕ ಇದೆ, ಗನ್‌ಗೂ ಪೈಪಿಗೂ ನಡುವೆ ಸಿಕ್ಕಿಸುವಂಥದ್ದು. ಹೊಸ ನಾಜಲ್ ಹಾಕಿದ ದಿನ ಓದಿ ಗೋಡೆಯ ಮೇಲೆ ಬರೆದಿಡುತ್ತೇನೆ. ಆಮೇಲೆ ತಿಂಗಳಿಗೊಮ್ಮೆ ನೋಡುತ್ತೇನೆ.

ನಿಮ್ಮ ಮರಳಿನ ಮೂಲ ತೊಟ್ಟಿ. ಪಂಪಿಗೆ ನೀರು ಒಳಬರುವ ಕಡೆ ಸಣ್ಣ ಜಾಲರಿ ಇರುತ್ತದೆ, ತೆಗೆದು ನೋಡಿ. ಹರಿದಿದ್ದರೆ ಮೊದಲು ಅದನ್ನು ಬದಲಿಸಿ, ಇಲ್ಲದಿದ್ದರೆ ಹೊಸ ನಾಜಲ್‌ಗೂ ಇದೇ ಗತಿ. ತೊಟ್ಟಿಯ ತಳದಿಂದ ನೀರು ಎಳೆಯಬೇಡಿ, ಹೀರುವ ಪೈಪನ್ನು ತಳದಿಂದ ಒಂದು ಗೇಣು ಮೇಲೆ ಕಟ್ಟಿ. ಮತ್ತೆ ಪ್ರತಿ ಸಲ ನಾಜಲ್ ಹಾಕುವ ಮುಂಚೆ, ಅದಿಲ್ಲದೆಯೇ ಗನ್ನಿನಿಂದ ಅರ್ಧ ನಿಮಿಷ ನೀರು ಬಿಡಿ. ಪೈಪನ್ನು ನೆಲದ ಮೇಲೆ ಎಳೆದಾಡಿರುತ್ತೇವೆ, ಕೊಂಡಿಯ ಬಾಯಲ್ಲಿ ಮಣ್ಣು ಇದ್ದೇ ಇರುತ್ತದೆ. ಇದೊಂದು ಅಭ್ಯಾಸ ಶುರು ಮಾಡಿದ ಮೇಲೆ ನನ್ನ ನಾಜಲ್‌ಗಳ ಆಯುಸ್ಸು ಎಷ್ಟೋ ಹೆಚ್ಚಿತು.

ಸೋಪು ಅಥವಾ ಪಾಚಿ ಔಷಧಿ ಇದರ ಮೂಲಕ ಬಿಡಬೇಡಿ. ಪಂಪಿನ ಆಚೆ ಸೋಪು ಎಳೆಯುವ ಯಂತ್ರಗಳಲ್ಲಿ ಅದು ಹೇಗೂ ಬರುವುದಿಲ್ಲ, ಸೋಪು ಎಳೆಯಲು ಒತ್ತಡ ಕಡಿಮೆ ಇರಬೇಕು. ಕೆಲಸ ಮುಗಿದ ಮೇಲೆ ಒಳಗಿನ ನೀರು ಬಸಿದು, ಬಾಯಿ ಕೆಳಗೆ ಮಾಡಿ ಒಣಗಲು ಇಡಿ. ಲ್ಯಾನ್ಸ್, ಅಂದರೆ ಗನ್ನಿನ ಮುಂದಿನ ಉದ್ದ ಕೊಳವೆಯನ್ನು, ಗೋಡೆಗೆ ಒರಗಿಸಿ ಇಡಬೇಡಿ. ಅದು ಜಾರಿ ಬಿದ್ದರೆ ನೆಲಕ್ಕೆ ಬಡಿಯುವುದು ನಾಜಲ್ಲೇ.

ನೀಲಿ ಬಕೆಟ್:

ತೊಳೆಯುವಾಗ ಎಷ್ಟು ದೂರ ಹಿಡಿಯಬೇಕು ಅಂತಲೂ ಹೇಳಿ. ನನ್ನ ಅಂಗಳದಲ್ಲಿ ಸುರುಳಿ ಗುರುತು ಉಳಿಯುತ್ತದೆ.

ಕೆಸರುಗಾಲು:

25, 30 ಸೆಂಟಿಮೀಟರ್‌ನಿಂದ ಶುರು ಮಾಡಿ. ಧಾರೆಯ ಶಂಕು 20 ಡಿಗ್ರಿ ಅಂದುಕೊಂಡರೆ 25 ಸೆಂಟಿಮೀಟರ್ ದೂರಕ್ಕೆ ಸುಮಾರು 9 ಸೆಂಟಿಮೀಟರ್ ಅಗಲದ ಪಟ್ಟಿ ತೊಳೆಯುತ್ತದೆ. ಒಂದು ಪಟ್ಟಿಯ ಮೇಲೆ ಇನ್ನೊಂದು ಅರ್ಧ ಬೀಳುವ ಹಾಗೆ ಸಾಗಿ.

ಸುರುಳಿ ಉಳಿಯುವುದು ಎರಡು ಕಾರಣಕ್ಕೆ. ಕೈ ಓಡುವ ವೇಗ ಜಾಸ್ತಿ, ಇಲ್ಲವೇ ರೋಟರ್ ನಿಧಾನ. ಸೆಕೆಂಡಿಗೆ 50 ಸುತ್ತು ತಿರುಗುವ ನಾಜಲ್ ಹಿಡಿದು ಕೈಯನ್ನು ಸೆಕೆಂಡಿಗೆ ಅರ್ಧ ಮೀಟರ್ ಸರಿಸಿದರೆ ಸುರುಳಿಗಳ ನಡುವೆ ಒಂದು ಸೆಂಟಿಮೀಟರ್ ಅಂತರ. ಅದೇ ನಾಜಲ್ 10 ಸುತ್ತಿಗೆ ಇಳಿದರೆ ಐದು ಸೆಂಟಿಮೀಟರ್. ನಡುವಿನ ಪಾಚಿ ಹಾಗೇ ಉಳಿಯುತ್ತದೆ. ಆದ್ದರಿಂದ ನಿಧಾನವಾಗಿ ನಡೆಯಿರಿ. ನಿಧಾನ ನಡೆದರೂ ಗುರುತು ಉಳಿದರೆ ನಾಜಲ್ ಬಿಚ್ಚುವ ಕಾಲ ಬಂದಿದೆ. ಪಾಚಿ ಗಟ್ಟಿಯಾಗಿ ಅಂಟಿದ ಜಾಗ ಸಿಕ್ಕಿತು ಅಂತ ಮೂತಿಯನ್ನು ನೆಲಕ್ಕೆ ತಾಗುವಷ್ಟು ಒಯ್ಯಬೇಡಿ. ಕಾಂಕ್ರೀಟಿನ ಮೇಲಿನ ನುಣುಪು ಪದರ ಕಿತ್ತುಹೋದರೆ ಒಳಗಿನ ಒರಟು ಜಾಗದಲ್ಲಿ ಪಾಚಿ ಇನ್ನೂ ಬೇಗ ಹಿಡಿಯುತ್ತದೆ.

ದಾದಿ:

ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಾಜಲ್ ಬಗ್ಗೆ ಏನೂ ಗೊತ್ತಿಲ್ಲ. ಸೂಜಿ ಧಾರೆ ಸಿಮೆಂಟಿನ ಮೇಲೆ ಗೆರೆ ಎಳೆಯಿತು ಅಂತ ಓದಿ ಸುಮ್ಮನಿರಲು ಆಗಲಿಲ್ಲ.

ಅದೇ ಧಾರೆ ಬೆರಳಿಗೆ ಹೊಡೆದರೆ ಚರ್ಮದಲ್ಲಿ ಕಾಣುವುದು ಬರೀ ಚುಕ್ಕಿಯಷ್ಟು ಗಾಯ. ರಕ್ತವೂ ಹೆಚ್ಚು ಬರುವುದಿಲ್ಲ, ಮೊದಲಿಗೆ ನೋವೂ ಕಡಿಮೆ ಇರಬಹುದು. ಆದರೆ ನೀರು ಮತ್ತು ಕೊಳೆ ಚರ್ಮದ ಒಳಗೆ ನುಗ್ಗಿ ಆಳದ ಪದರಗಳಲ್ಲಿ ಹರಡಿರುತ್ತದೆ. ಸಂಜೆ ನೋಡೋಣ, ನಾಳೆ ನೋಡೋಣ ಅಂತ ಕಾಯುವುದೇ ದೊಡ್ಡ ಅಪಾಯ. ತಡವಾದರೆ ಬೆರಳನ್ನೇ ಕಳೆದುಕೊಳ್ಳುವ ಹಾಗಾಗಬಹುದು. ಗಾಯ ಎಷ್ಟೇ ಸಣ್ಣದಿರಲಿ, ತಕ್ಷಣ ಆಸ್ಪತ್ರೆಗೆ ಹೋಗಿ, ಜೋರು ಒತ್ತಡದ ನೀರು ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಸಣ್ಣ ಗಾಯ ಅಂತ ಬ್ಯಾಂಡೇಜ್ ಸುತ್ತಿ ಕಳುಹಿಸಿಬಿಡುವ ಸಾಧ್ಯತೆ ಇದೆ.

ನಾಜಲ್ ತಿರುಗುತ್ತಿದೆಯಾ ಅಂತ ಯಾರೂ ಕೈ ಅಡ್ಡ ಹಿಡಿದು ನೋಡಬೇಡಿ. ಗಮ್ ಬೂಟು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಟ್ರಿಗರ್ ಬಿಟ್ಟಾಗಲೆಲ್ಲ ಲಾಕ್ ಹಾಕಿ. ಮಕ್ಕಳು, ನಾಯಿ ಹತ್ತಿರ ಇದ್ದರೆ ಕೆಲಸವನ್ನೇ ನಿಲ್ಲಿಸಿ.

ಹಿತ್ತಲಮನೆ:

ಹತ್ತು ದಿನ ಆಯಿತು, ಏನಾಯಿತು ಅಂತ ಬರೆಯುತ್ತೇನೆ.

ಬಿಚ್ಚಿದೆ. ಮೂರು ಓರೆ ರಂಧ್ರಗಳಲ್ಲಿ ಒಂದರಲ್ಲಿ ಸಾಸಿವೆಯಷ್ಟು ಕಲ್ಲು ಬಿಗಿಯಾಗಿ ಕೂತಿತ್ತು. ಬಿದಿರು ಕಡ್ಡಿಗೆ ಬಂತು. ಪೀಠದ ಅಂಚಿನಲ್ಲಿ ಉಗುರು ತಡೆಯುವಂಥ ಚಕ್ಕೆ ಎದ್ದಿತ್ತು. ನಾನು ಗೋಡೆ ತೊಳೆಯಲು ಮೇಲೆತ್ತಿಯೇ ಟ್ರಿಗರ್ ಒತ್ತುತ್ತಿದ್ದ ಫಲ ಅದು. ಪಂಪಿನ ಜಾಲರಿ ಒಂದು ಮೂಲೆಯಲ್ಲಿ ಹರಿದಿತ್ತು, ಬದಲಿಸಿದೆ. ತೊಟ್ಟಿಯ ಪೈಪನ್ನು ಗೇಣು ಮೇಲೆ ಕಟ್ಟಿದೆ.

040ಕ್ಕೆ ಕಿಟ್ ಹಾಕಲಿಲ್ಲ. 030 ತಂದೆ. ಬಾಯಿ ನೆಲಕ್ಕೆ ಮಾಡಿ ಮೊದಲ ಸಲ ಒತ್ತಿದಾಗ ಬಂದ ಸದ್ದೇ ಬೇರೆ, ಗನ್ ಹಿಡಿದ ಕೈಗೂ ಗೊತ್ತಾಯಿತು. ಅರ್ಧ ದಿನ ಹಿಡಿಯುತ್ತಿದ್ದ ಅಂಗಳ ಎರಡು ಗಂಟೆಯಲ್ಲಿ ಮುಗಿಯಿತು. ಬೆಂಚನ್ನು ಬ್ರಷ್ಷಿನಲ್ಲಿ ಉಜ್ಜಿದೆ.

ಅಮ್ಮನಿಗೆ ಈಗ ಮಣಿಕಟ್ಟು ವಾಸಿಯಾಗಿದೆ. ನೆಲ ಒಣಗಿದ ಮೇಲೆ ಗೋಡೆ ಹಿಡಿದುಕೊಳ್ಳದೆ ಆ ಕಡೆಯ ತನಕ ನಡೆದು ಹೋಗಿ ಬಂದರು. ತಡೆಗೋಡೆಯ ಮೇಲಿನ ಸಾಲು ಇನ್ನೂ ಬಾಕಿ ಇದೆ, ಭಾನುವಾರ ತೊಳೆಯುತ್ತೇನೆ.